ಇಳಿಗಾಲದಲ್ಲಿ ವೃತ್ತಿಪ್ರವೇಶ

ಮಳೆಯು ಪ್ರತಿವರ್ಷವೂ ಒಂದೇ ಸಮನಾಗಿ ಬರುವುದಿಲ್ಲ. ಒಂದು ವರ್ಷ ಕೆರೆಗಳು ತುಂಬಿ ಕೋಡಿ ಹರಿಯುತ್ತವೆ. ಮತ್ತೊಂದು ವರ್ಷ ಬಿತ್ತಿದ ಬೀಜ ಮೊಳೆಯುವಷ್ಟು ತೇವವೂ ನೆಲದಲ್ಲಿ ಉಳಿಯುವುದಿಲ್ಲ. ಬೇಸಾಯಗಾರನು ಇದನ್ನು ಬಲ್ಲನು. ಆದುದರಿಂದಲೇ ಮಳೆ ಹಿಂದಾದ ವರ್ಷ ಆತನು ನೇಗಿಲನ್ನು ಮೂಲೆಗಿಟ್ಟು ಕುಳಿತುಕೊಳ್ಳುವುದಿಲ್ಲ. ಹೊಲಕ್ಕೆ ಬದು ಹಾಕುತ್ತಾನೆ, ಬಾವಿಯ ಹೂಳೆತ್ತುತ್ತಾನೆ, ಕಡಮೆ ನೀರಿನಲ್ಲಿ ಬೆಳೆಯುವ ಧಾನ್ಯವನ್ನು ಆರಿಸಿಕೊಳ್ಳುತ್ತಾನೆ. ಉದ್ಯೋಗಗಳ ಲೋಕದಲ್ಲಿಯೂ ಇಂತಹ ಏರುಗಾಲ ಇಳಿಗಾಲಗಳುಂಟು. ಏರುಗಾಲದಲ್ಲಿ ವಿದ್ಯಾಭ್ಯಾಸ ಮುಗಿಸಿದವನಿಗೆ ಬಾಗಿಲು ತಾನಾಗಿಯೇ ತೆರೆದಂತೆ ತೋರುತ್ತದೆ. ಇಳಿಗಾಲದಲ್ಲಿ ಮುಗಿಸಿದವನಿಗೆ, ಅಷ್ಟೇ ಓದು, ಅಷ್ಟೇ ಬುದ್ಧಿ ಇದ್ದರೂ, ಅದೇ ಬಾಗಿಲು ಮುಚ್ಚಿರುತ್ತದೆ. ಇದು ಆತನ ತಪ್ಪಲ್ಲ. ಆದರೆ ಆ ಕಾಲವನ್ನು ದಾಟುವ ಹೊಣೆ ಮಾತ್ರ ಆತನ ಹೆಗಲಿಗೇ ಬೀಳುತ್ತದೆ. ಈ ಏರಿಳಿತ ಎಲ್ಲಿಂದ ಹುಟ್ಟುತ್ತದೆ, ಅದನ್ನು ಜನರು ಹೇಗೆ ದಾಟಿದ್ದಾರೆ ಎಂಬುದನ್ನು ತಂತ್ರಜ್ಞಾನದ ವೃತ್ತಿಗಳನ್ನು ಉದಾಹರಣೆಯಾಗಿಟ್ಟುಕೊಂಡು ತಿಳಿಯಬಹುದು.

ತಂತ್ರಜ್ಞಾನದ ವೃತ್ತಿ ಎಂದೊಡನೆ ಗಣಕಯಂತ್ರದ ಮುಂದೆ ಕುಳಿತು ಕಾರ್ಯಕ್ರಮಗಳನ್ನು ಬರೆಯುವವರ ಚಿತ್ರವಷ್ಟೇ ಅನೇಕರ ಕಣ್ಣ ಮುಂದೆ ಮೂಡುತ್ತದೆ. ವಾಸ್ತವವಾಗಿ ಈ ಕ್ಷೇತ್ರ ಅದಕ್ಕಿಂತ ಬಹಳ ವಿಶಾಲವಾದುದು. ಬರೆದ ತಂತ್ರಾಂಶವನ್ನು ಪರೀಕ್ಷಿಸಿ ದೋಷಗಳನ್ನು ಹುಡುಕುವವರು, ಹಳೆಯ ತಂತ್ರಾಂಶವನ್ನು ಕಾಪಾಡಿಕೊಂಡು ಬರುವವರು, ಒಂದು ಕಚೇರಿಯ ಗಣಕಗಳನ್ನೆಲ್ಲ ಒಂದಕ್ಕೊಂದು ಜೋಡಿಸುವವರು, ಮಾಹಿತಿಯನ್ನು ಕಳ್ಳರಿಂದ ರಕ್ಷಿಸುವವರು, ಯಂತ್ರವನ್ನು ಬಳಸುವ ವಿಧಾನವನ್ನು ಸರಳ ಭಾಷೆಯಲ್ಲಿ ಬರೆದು ವಿವರಿಸುವವರು, ಇವರೆಲ್ಲರೂ ಈ ವೃತ್ತಿಗೆ ಸೇರಿದವರೇ. ಬ್ಯಾಂಕು, ಆಸ್ಪತ್ರೆ, ರೈಲ್ವೆ, ಕಾರ್ಖಾನೆ ಮೊದಲಾದ ಯಾವ ಸಂಸ್ಥೆಯೂ ಇಂದು ಇವರ ನೆರವಿಲ್ಲದೆ ನಡೆಯಲಾರದು.

ಕರ್ನಾಟಕಕ್ಕೂ ಈ ವೃತ್ತಿಗೂ ಇರುವ ನಂಟು ಗಾಢವಾದುದು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ನಗರಕ್ಕೆ ಅಡಿಪಾಯ ಹಾಕಿತು. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ ಆರಂಭಿಸಿದ ಇನ್ಫೋಸಿಸ್ ಸಂಸ್ಥೆಯು 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ತಾಯ್ಸಂಸ್ಥೆಯೊಡನೆ ಸಂಪರ್ಕ ಕಲ್ಪಿಸಿಕೊಂಡಿತು. ಹೀಗೆ ಬೆಳೆದ ಉದ್ದಿಮೆಯು ಲಕ್ಷಾಂತರ ಮನೆಗಳಿಗೆ ಅನ್ನದ ದಾರಿಯಾಯಿತು. ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳು ಎಂಜಿನಿಯರಿಂಗ್ ಪದವಿ ಪಡೆದು, ತಂದೆತಾಯಿಗಳ ಸಾಲ ತೀರಿಸಿ, ತಮ್ಮ ತಂಗಿಯರನ್ನು ಓದಿಸಿದರು. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಈ ಉದ್ದಿಮೆಯ ಗಿರಾಕಿಗಳಲ್ಲಿ ಹೆಚ್ಚಿನವರು ಇರುವುದು ಅಮೆರಿಕ ಮತ್ತು ಯೂರೋಪಿನಲ್ಲಿ. ಅಲ್ಲಿ ಮೋಡ ಕವಿದರೆ ಇಲ್ಲಿ ಕತ್ತಲಾಗುತ್ತದೆ.

ಇಳಿಗಾಲ ಹುಟ್ಟುವ ಬಗೆ ಹೀಗೆ. ಬ್ಯಾಂಕುಗಳ ಬಡ್ಡಿಯ ದರ ಕಡಮೆಯಿದ್ದಾಗ ಉದ್ಯಮಿಗಳು ಸುಲಭವಾಗಿ ಸಾಲ ತರುತ್ತಾರೆ; ಹೊಸ ಯೋಜನೆಗಳನ್ನು ಕೈಗೆತ್ತಿಕೊಳ್ಳುತ್ತಾರೆ; ಬೇಕಾದುದಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದೂ ಉಂಟು. ಬೆಲೆಗಳು ಏರತೊಡಗಿದಾಗ ಅವನ್ನು ಹಿಡಿತಕ್ಕೆ ತರಲು ದೇಶದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಹೆಚ್ಚಿಸುತ್ತದೆ. ಆಗ ಸಾಲ ದುಬಾರಿಯಾಗುತ್ತದೆ. ದೂರದ ಲಾಭವನ್ನು ನಂಬಿ ಆರಂಭಿಸಿದ ಯೋಜನೆಗಳು ಮೊದಲು ನಿಲ್ಲುತ್ತವೆ. ಅಮೆರಿಕದಲ್ಲಿ 2022ರ ಮಾರ್ಚಿಯವರೆಗೆ ಸೊನ್ನೆಯ ಸಮೀಪದಲ್ಲಿದ್ದ ಬಡ್ಡಿಯ ದರವು 2023ರ ಜುಲೈ ವೇಳೆಗೆ ಶೇಕಡಾ 5ನ್ನು ಮೀರಿತು. ಅದೇ ಅವಧಿಯಲ್ಲಿ ದೊಡ್ಡ ಸಂಸ್ಥೆಗಳು ನೌಕರರನ್ನು ಕಡಮೆ ಮಾಡಿದವು. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನೂ, 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಹಾಗೂ ಗೂಗಲಿನ ಮಾತೃಸಂಸ್ಥೆ 12,000 ಮಂದಿಯನ್ನೂ ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿದವು.

ಇಂತಹ ಸನ್ನಿವೇಶ ಹೊಸದೇನೂ ಅಲ್ಲ. ಅಂತರಜಾಲ ಬಳಕೆಗೆ ಬಂದ ಹೊಸದರಲ್ಲಿ ಆ ಹೆಸರನ್ನು ಹೇಳಿಕೊಂಡು ಹುಟ್ಟಿದ ಸಂಸ್ಥೆಗಳಿಗೆಲ್ಲ ಹಣ ಹರಿದುಬಂದಿತು. 2000ದ ಮಾರ್ಚಿಯಲ್ಲಿ ಅಮೆರಿಕದ ನಾಸ್‌ಡಾಕ್ ಷೇರು ಸೂಚ್ಯಂಕವು 5,000ವನ್ನು ದಾಟಿ ಶಿಖರ ಮುಟ್ಟಿತು. 2002ರ ಅಕ್ಟೋಬರಿನ ವೇಳೆಗೆ ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿಹೋಗಿತ್ತು. 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಎಂಬ ಹಣಕಾಸು ಸಂಸ್ಥೆಯು ದಿವಾಳಿಯಾದಾಗ ಮತ್ತೊಮ್ಮೆ ಜಗತ್ತೆಲ್ಲ ನಡುಗಿತು. ಎರಡು ಬಾರಿಯೂ ಈ ವೃತ್ತಿಯೇ ಮುಗಿದುಹೋಯಿತೆಂದು ಹೇಳಿದವರಿದ್ದರು. ಎರಡು ಬಾರಿಯೂ ಕೆಲವು ವರ್ಷಗಳ ಬಳಿಕ ಅದು ಮೊದಲಿಗಿಂತ ದೊಡ್ಡದಾಗಿ ಬೆಳೆಯಿತು. ಆದರೆ ಮೊದಲಿನ ರೂಪದಲ್ಲಿಯೇ ಬೆಳೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಇಳಿಗಾಲದ ಪೆಟ್ಟು ಎಲ್ಲರಿಗಿಂತ ಮೊದಲು ತಗಲುವುದು ಹೊಸಬರಿಗೆ. ಇದಕ್ಕೆ ಕಾರಣ ಸರಳವಾಗಿದೆ. ಇರುವ ನೌಕರನನ್ನು ತೆಗೆದುಹಾಕುವುದು ಸಂಸ್ಥೆಗೆ ನೋವಿನ ಕೆಲಸ. ಇನ್ನೂ ಬಾರದವನನ್ನು ಕರೆಯದೆ ಇರುವುದು ಸುಲಭದ ಕೆಲಸ. ಹೊಸಬನಿಗೆ ಹಲವು ತಿಂಗಳು ತರಬೇತಿ ಕೊಡಬೇಕು. ಆ ಅವಧಿಯಲ್ಲಿ ಆತನಿಂದ ಆದಾಯವಿಲ್ಲ. ಕೈ ಬಿಗಿಯಾದಾಗ ಸಂಸ್ಥೆಗಳು ಅನುಭವಿಗಳನ್ನೇ ಹುಡುಕುತ್ತವೆ. ಆದರೆ ಕೆಲಸ ಸಿಕ್ಕದೆ ಅನುಭವ ಬಾರದು. ಅನುಭವವಿಲ್ಲದೆ ಕೆಲಸ ಸಿಕ್ಕದು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಇಳಿಗಾಲದಲ್ಲಿ ವೃತ್ತಿಗೆ ಕಾಲಿಡಬಯಸುವವರು ಬಿಡಿಸಬೇಕಾದ ಗಂಟು ಇದೇ.

ಇತ್ತೀಚಿನ ವರ್ಷಗಳಲ್ಲಿ ಈ ಗಂಟು ಇನ್ನಷ್ಟು ಬಿಗಿಯಾಗಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಸಾಧನ ಬಳಕೆಗೆ ಬಂದಿತು. ಇಂತಹ ಸಾಧನಗಳು ಸಣ್ಣಪುಟ್ಟ ಕಾರ್ಯಕ್ರಮಗಳನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಹಿಂದೆ ಹೊಸಬರಿಗೆ ವಹಿಸುತ್ತಿದ್ದ ಕೆಲಸಗಳಲ್ಲಿ ಇಂತಹವೇ ಹೆಚ್ಚು. ಅಂದರೆ ಏಣಿಯ ಮೊದಲ ಮೆಟ್ಟಿಲೇ ಸಡಿಲವಾಗತೊಡಗಿದೆ. ಆದರೆ ಯಂತ್ರವು ಕೊಟ್ಟ ಉತ್ತರ ಸರಿಯೇ ತಪ್ಪೇ ಎಂದು ಹೇಳಬಲ್ಲವನು ಬೇಕೇ ಬೇಕು. ಆಸ್ಪತ್ರೆಯ ಔಷಧದ ಲೆಕ್ಕವನ್ನೋ ಬ್ಯಾಂಕಿನ ಖಾತೆಯನ್ನೋ ನಡೆಸುವ ತಂತ್ರಾಂಶದಲ್ಲಿ ಒಂದು ತಪ್ಪು ನುಸುಳಿದರೆ ಅದಕ್ಕೆ ಹೊಣೆ ಹೊರುವವನು ಮನುಷ್ಯನೇ ಹೊರತು ಯಂತ್ರವಲ್ಲ. ಆದುದರಿಂದ ಬರೆಯುವ ವೇಗಕ್ಕಿಂತ ಪರಿಶೀಲಿಸುವ ವಿವೇಕಕ್ಕೆ ಬೆಲೆ ಹೆಚ್ಚುತ್ತಿದೆ.

ಈ ಗಂಟನ್ನು ಬಿಡಿಸಿದವರ ಚರಿತ್ರೆ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1791ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಆತನಿಗೆ ದೊರೆತ ಶಾಲಾವಿದ್ಯೆ ಅತ್ಯಲ್ಪ. ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಪುಸ್ತಕದ ವ್ಯಾಪಾರಿಯೊಬ್ಬನ ಬಳಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದನು. ಹೊಲಿಯಲು ಬಂದ ಪುಸ್ತಕಗಳನ್ನು ಓದುತ್ತ ಓದುತ್ತ ವಿದ್ಯುತ್ತು ಹಾಗೂ ರಸಾಯನಶಾಸ್ತ್ರಗಳಲ್ಲಿ ಆಸಕ್ತನಾದನು. ಅಂದಿನ ವಿಜ್ಞಾನಲೋಕ ಶ್ರೀಮಂತರದು. ರಟ್ಟು ಕಟ್ಟುವ ಹುಡುಗನಿಗೆ ಅಲ್ಲಿ ಸ್ಥಳವಿರಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಆತ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ, ಪ್ರಸಿದ್ಧ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳುವ ಅವಕಾಶ ಫ್ಯಾರಡೆಗೆ ದೊರೆಯಿತು. ಆತನು ಕೇಳಿದುದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡು, ಚಿತ್ರಗಳನ್ನು ಬಿಡಿಸಿ, ಸುಮಾರು 300 ಪುಟಗಳ ಆ ಬರಹಕ್ಕೆ ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿಯವರಿಗೆ ಕಳುಹಿಸಿದನು. ಡೇವಿ ಆತನನ್ನು ಕರೆಸಿ ಮಾತನಾಡಿದರು. ಆದರೆ ಕೆಲಸ ಖಾಲಿಯಿಲ್ಲವೆಂದೂ ರಟ್ಟಿನ ಕಸುಬನ್ನು ಬಿಡಬಾರದೆಂದೂ ಹೇಳಿದರು. ಕೆಲವೇ ದಿನಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡನು. ಆ ಸ್ಥಳಕ್ಕೆ ಯಾರು ಎಂಬ ಪ್ರಶ್ನೆ ಎದ್ದಾಗ ಡೇವಿಯವರಿಗೆ ನೆನಪಾದುದು ಆ ರಟ್ಟು ಕಟ್ಟಿದ ಪುಸ್ತಕ. 1813ರ ಮಾರ್ಚಿಯಲ್ಲಿ ಫ್ಯಾರಡೆ ವಾರಕ್ಕೆ 25 ಷಿಲಿಂಗುಗಳ ಸಂಬಳದ ಮೇಲೆ ನೇಮಕಗೊಂಡನು. 1831ರಲ್ಲಿ ಆತನು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವದಿಂದಲೇ ಇಂದಿನ ವಿದ್ಯುಜ್ಜನಕಗಳೆಲ್ಲ ನಡೆಯುತ್ತಿವೆ. ಇಲ್ಲಿ ಅದೃಷ್ಟದ ಪಾಲು ಇಲ್ಲವೆಂದಲ್ಲ. ಆದರೆ ಸ್ಥಳ ಖಾಲಿಯಾದ ದಿನ ಫ್ಯಾರಡೆಯ ಬಳಿ ಬರಿಯ ಅರ್ಜಿಯಿರಲಿಲ್ಲ, ಮಾಡಿ ತೋರಿಸಿದ ಕೆಲಸವಿತ್ತು. ಅರ್ಜಿಯು ಮನುಷ್ಯನ ಆಸೆಯನ್ನು ಹೇಳುತ್ತದೆ. ಮಾಡಿದ ಕೆಲಸವು ಆತನ ಶಕ್ತಿಯನ್ನು ಹೇಳುತ್ತದೆ.

ಮುಂದಿನ ನಿದರ್ಶನ ಅಮೆರಿಕದ್ದು. 1929ರಲ್ಲಿ ಆರಂಭವಾದ ಆರ್ಥಿಕ ಮಹಾಕುಸಿತದಿಂದ 1933ರ ಹೊತ್ತಿಗೆ ಆ ದೇಶದ ದುಡಿಯುವ ನಾಲ್ವರಲ್ಲಿ ಒಬ್ಬನು ನಿರುದ್ಯೋಗಿಯಾಗಿದ್ದನು. ಅದರ ಮರುವರ್ಷವೇ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ಹೊರಬಂದವರು ವಿಲಿಯಂ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬ ಗೆಳೆಯರು. ಅವರ ಗುರು ಫ್ರೆಡರಿಕ್ ಟರ್ಮನ್ನರು ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಉದ್ದಿಮೆಗಳನ್ನು ಕಟ್ಟಬೇಕೆಂದು ಹುರಿದುಂಬಿಸುತ್ತಿದ್ದವರು. 1939ರಲ್ಲಿ ಗೆಳೆಯರಿಬ್ಬರೂ ಪಾಲೊ ಆಲ್ಟೊ ನಗರದ ಒಂದು ಬಾಡಿಗೆ ಮನೆಯ ಮೋಟಾರು ಕೊಟ್ಟಿಗೆಯಲ್ಲಿ 538 ಡಾಲರುಗಳ ಬಂಡವಾಳದೊಡನೆ ಪಾಲುದಾರಿಕೆ ಆರಂಭಿಸಿದರು.

ಮೊದಲು ಅವರು ಕೈಗೆ ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿಕೊಂಡರು. ಚೆಂಡುರುಳಿಸುವ ಆಟದ ಅಂಗಳದಲ್ಲಿ ಆಟಗಾರನು ಗೆರೆ ದಾಟಿದರೆ ಸೂಚನೆ ಕೊಡುವ ಸಾಧನ, ದೂರದರ್ಶಕವನ್ನು ತಾರೆಗಳ ಚಲನೆಗೆ ಸರಿಯಾಗಿ ತಿರುಗಿಸುವ ಯಂತ್ರ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ತಯಾರಿಸಿಕೊಟ್ಟರು. ಇದರೊಡನೆ, ಹ್ಯೂಲೆಟ್ ತನ್ನ ಅಧ್ಯಯನದ ಕಾಲದಲ್ಲಿ ರಚಿಸಿದ್ದ ಧ್ವನಿ ಆಂದೋಲಕವೊಂದನ್ನು ಮಾರಾಟಕ್ಕೆ ಸಿದ್ಧಗೊಳಿಸಿದರು. ಸಂಕೇತವು ಏರುಪೇರಾಗದಂತೆ ನೋಡಿಕೊಳ್ಳಲು ಅದರಲ್ಲಿ ದುಬಾರಿಯಾದ ಉಪಕರಣದ ಬದಲು ಒಂದು ಸಾಮಾನ್ಯ ಸಣ್ಣ ವಿದ್ಯುದ್ದೀಪವನ್ನು ಬಳಸಲಾಗಿತ್ತು. ಬಿಸಿಯಾದಂತೆಲ್ಲ ದೀಪದ ತಂತಿಯ ವಿದ್ಯುನ್ನಿರೋಧ ಹೆಚ್ಚುತ್ತದೆ ಎಂಬ ಪಠ್ಯಪುಸ್ತಕದ ತತ್ತ್ವವೇ ಅದರ ಗುಟ್ಟು. ವಾಲ್ಟ್ ಡಿಸ್ನಿ ಸಂಸ್ಥೆಯು ತನ್ನ ‘ಫ್ಯಾಂಟಾಸಿಯಾ’ ಚಲನಚಿತ್ರಕ್ಕಾಗಿ ಇಂತಹ ಎಂಟು ಯಂತ್ರಗಳನ್ನು ಕೊಂಡಿತು. ಮುಂದೆ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಮೂಲತತ್ತ್ವಗಳನ್ನು ಚೆನ್ನಾಗಿ ಅರಿತವನಿಗೆ ಬಡತನವೂ ಒಂದು ಉಪಾಯವನ್ನು ತೋರಿಸಿಕೊಡುತ್ತದೆ ಎಂಬುದಕ್ಕೆ ಆ ಸಣ್ಣ ದೀಪವೇ ಸಾಕ್ಷಿ.

ಬಾಗಿಲು ಮುಚ್ಚುವುದು ಹಣದ ಅಭಾವದಿಂದ ಮಾತ್ರವಲ್ಲ. ಸಮಾಜದ ಪೂರ್ವಗ್ರಹದಿಂದಲೂ ಮುಚ್ಚುತ್ತದೆ. ಜರ್ಮನಿಯಲ್ಲಿ 1933ರಲ್ಲಿ ಹುಟ್ಟಿದ ಸ್ಟೆಫನಿ ಎಂಬ ಯೆಹೂದಿ ಬಾಲಿಕೆಯನ್ನು ನಾಟ್ಸಿಗಳ ಕೈಯಿಂದ ಉಳಿಸುವುದಕ್ಕಾಗಿ 1939ರಲ್ಲಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಬೆಳೆದ ಮೇಲೆ ಆಕೆ ಅಂಚೆ ಇಲಾಖೆಯ ಸಂಶೋಧನ ಕೇಂದ್ರದಲ್ಲಿ ದುಡಿಯುತ್ತ, ಸಂಜೆಯ ತರಗತಿಗಳಲ್ಲಿ ಓದಿ ಗಣಿತದಲ್ಲಿ ಪದವಿ ಪಡೆದಳು. ಅಂದು ಮದುವೆಯಾದ ಹೆಣ್ಣು ಕೆಲಸ ಬಿಡುವುದೇ ವಾಡಿಕೆ. ಬುದ್ಧಿವಂತರಾದ ಎಷ್ಟೋ ಮಂದಿ ಗಣಿತಜ್ಞೆಯರು ಹೀಗೆ ಮನೆಯಲ್ಲಿ ಉಳಿದಿದ್ದರು. 1962ರಲ್ಲಿ, ವಿವಾಹದ ಬಳಿಕ ಸ್ಟೆಫನಿ ಷರ್ಲಿ ಎಂಬ ಹೆಸರು ಪಡೆದಿದ್ದ ಆಕೆ, ಆರು ಪೌಂಡುಗಳ ಬಂಡವಾಳದಿಂದ ತನ್ನ ಊಟದ ಮೇಜಿನ ಮೇಲೆಯೇ ಒಂದು ತಂತ್ರಾಂಶ ಸಂಸ್ಥೆಯನ್ನು ಆರಂಭಿಸಿದಳು.

ಆಕೆ ಬರೆದ ವ್ಯವಹಾರದ ಪತ್ರಗಳಿಗೆ ಉತ್ತರ ಬರುತ್ತಿರಲಿಲ್ಲ. ಪತಿಯ ಸಲಹೆಯಂತೆ ‘ಸ್ಟೀವ್’ ಎಂದು ಗಂಡಸಿನ ಹೆಸರಿನಿಂದ ಸಹಿ ಮಾಡತೊಡಗಿದ ಮೇಲೆ ಉತ್ತರಗಳು ಬಂದವು. ಸಂಸ್ಥೆಯ ಮೊದಲ 300 ಮಂದಿ ಕೆಲಸಗಾರರಲ್ಲಿ 297 ಮಂದಿ ಸ್ತ್ರೀಯರು. ಅವರು ಮಕ್ಕಳನ್ನು ನೋಡಿಕೊಳ್ಳುತ್ತ, ಮನೆಯಲ್ಲಿಯೇ ಕಾಗದ ಮತ್ತು ಪೆನ್ಸಿಲು ಹಿಡಿದು ಕಾರ್ಯಕ್ರಮಗಳನ್ನು ಬರೆಯುತ್ತಿದ್ದರು. ಧ್ವನಿಗಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಗೆ ಸಂಬಂಧಿಸಿದ ಕಾರ್ಯಕ್ರಮವನ್ನು ಬರೆದವರು ಇವರೇ. 1975ರಲ್ಲಿ ಬ್ರಿಟನ್ನಿನಲ್ಲಿ ಸ್ತ್ರೀಪುರುಷರಲ್ಲಿ ಭೇದವೆಣಿಸಬಾರದೆಂಬ ಕಾನೂನು ಬಂದಾಗ, ಸ್ತ್ರೀಯರನ್ನು ಕೈಹಿಡಿದೆತ್ತುವುದೇ ಗುರಿಯಾಗಿದ್ದ ಆ ಸಂಸ್ಥೆಯೂ ಪುರುಷರಿಗೆ ಬಾಗಿಲು ತೆರೆಯಬೇಕಾಯಿತು. ಮುಂಬಾಗಿಲು ತೆರೆಯದಿದ್ದಾಗ ಬೇರೊಂದು ಬಾಗಿಲನ್ನು ಕಟ್ಟಿಕೊಳ್ಳಬಹುದೆಂಬುದಕ್ಕೂ, ಹಾಗೆ ಕಟ್ಟಿದ ಬಾಗಿಲಿನಿಂದ ಇತರರೂ ಒಳಬರಬಹುದೆಂಬುದಕ್ಕೂ ಷರ್ಲಿಯವರ ಜೀವನ ನಿದರ್ಶನ.

ಇವರೆಲ್ಲರ ದೇಶಕಾಲಗಳು ಬೇರೆ. ಆದರೆ ಅವರ ನಡೆಯಲ್ಲಿ ಒಂದು ಸಮಾನ ಗುಣವಿದೆ. ಯಾರೋ ಕೆಲಸ ಕೊಟ್ಟ ಮೇಲೆ ಕೆಲಸ ಮಾಡುವೆನೆಂದು ಅವರು ಕಾಯಲಿಲ್ಲ. ಮೊದಲು ಕೆಲಸ ಮಾಡಿದರು; ಉದ್ಯೋಗವು ಅದರ ಹಿಂದೆ ಬಂದಿತು. ಅನುಭವಕ್ಕೂ ಉದ್ಯೋಗಕ್ಕೂ ಬಿದ್ದ ಗಂಟು ಬಿಚ್ಚಿಕೊಂಡುದು ಹೀಗೆ.

ಇಂದಿನ ತರುಣರಿಗೆ ಇಂತಹ ಅವಕಾಶಗಳು ಫ್ಯಾರಡೆಯ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿವೆ. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯು ತಾನು ಬರೆದ ಲೀನಕ್ಸ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ನೋಡಿ ತಿದ್ದುವಂತೆ ಬಹಿರಂಗಗೊಳಿಸಿದನು. ಜಗತ್ತಿನ ನಾನಾ ಮೂಲೆಗಳ ಜನರು ಅದನ್ನು ತಿದ್ದಿ ಬೆಳೆಸಿದರು. ಹೀಗೆ ಬೆಳೆಯುವ ತಂತ್ರಾಂಶಗಳನ್ನು ಮುಕ್ತ ತಂತ್ರಾಂಶಗಳೆನ್ನುತ್ತಾರೆ. ಇಲ್ಲಿ ಒಂದು ದೋಷವನ್ನು ಕಂಡುಹಿಡಿದು ಸರಿಪಡಿಸಿದವನ ಹೆಸರು, ಆತನು ಬರೆದ ಸಾಲುಗಳೊಡನೆ, ಎಲ್ಲರಿಗೂ ಕಾಣುವಂತೆ ದಾಖಲಾಗುತ್ತದೆ. ಆತನು ಯಾವ ಊರಿನವನು, ಯಾವ ಕಾಲೇಜಿನಲ್ಲಿ ಓದಿದವನು ಎಂದು ಯಾರೂ ಕೇಳುವುದಿಲ್ಲ. ಫ್ಯಾರಡೆ ರಟ್ಟು ಕಟ್ಟಿ ಕಳುಹಿಸಿದ ಪುಸ್ತಕದ ಸ್ಥಾನವನ್ನು ಈ ದಾಖಲೆ ತುಂಬುತ್ತದೆ.

ಕನ್ನಡಕ್ಕೆ ಸಂಬಂಧಿಸಿದ ಕೆಲಸವೂ ಇದರಲ್ಲಿ ಬೇಕಾದಷ್ಟಿದೆ. ಗಣಕದಲ್ಲಿ ಕನ್ನಡವನ್ನು ಸುಲಭವಾಗಿ ಬರೆಯುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಕೆ. ಪಿ. ರಾವ್ ಅವರು. ‘ನುಡಿ’ ತಂತ್ರಾಂಶದ ಕೀಲಿಮಣೆಗೂ ಅದೇ ಆಧಾರ. ಅನೇಕ ಮುಕ್ತ ತಂತ್ರಾಂಶಗಳಲ್ಲಿ ಕಾಣುವ ಕನ್ನಡದ ಸೂಚನೆಗಳನ್ನು ಸ್ವಯಂಸೇವಕರು ತಮ್ಮ ಬಿಡುವಿನ ವೇಳೆಯಲ್ಲಿ ಅನುವಾದಿಸಿದ್ದಾರೆ. ನಾಡಿನ ಭಾಷೆಯನ್ನು ಬಲ್ಲ ತರುಣನಿಗೆ ಇದು ಸೇವೆಯೂ ಹೌದು, ಕಲಿಕೆಯೂ ಹೌದು.

ಕಲಿಯುವ ಸಾಧನಗಳೂ ಇಂದು ಮನೆಬಾಗಿಲಿಗೆ ಬಂದಿವೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದವು. ಅಲ್ಲಿನ ಪ್ರಾಧ್ಯಾಪಕರ ಪಾಠಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಆದರೆ ಏನನ್ನು ಕಲಿಯಬೇಕೆಂಬ ವಿವೇಕ ಬೇಕು. 2000ದ ಇಸವಿ ಹುಟ್ಟುವಾಗ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದ ಹಳೆಯ ಕಾರ್ಯಕ್ರಮಗಳು ತಪ್ಪು ಲೆಕ್ಕ ಮಾಡಿಯಾವೆಂಬ ಭಯವಿತ್ತು. ಅವನ್ನು ತಿದ್ದಲು ಕೋಬಾಲ್ ಎಂಬ ಹಳೆಯ ಗಣಕಭಾಷೆ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಗಡುವು ದಾಟಿದ ಕೂಡಲೇ ಆ ಬೇಡಿಕೆ ಇಳಿಯಿತು. ಅದೊಂದನ್ನೇ ಅವಸರದಿಂದ ಕಲಿತವರು ತೊಂದರೆಗೀಡಾದರು. ತರ್ಕ, ಗಣಿತ, ಗಣಕದ ಮೂಲರಚನೆಗಳನ್ನು ಬಲ್ಲವರು ಬೇರೊಂದು ಭಾಷೆಗೆ ಸುಲಭವಾಗಿ ದಾಟಿದರು. ಉಪಕರಣಗಳು ಬದಲಾಗುತ್ತವೆ, ತತ್ತ್ವಗಳು ನಿಲ್ಲುತ್ತವೆ.

ದೊಡ್ಡ ಸಂಸ್ಥೆಗಳ ಹೆಬ್ಬಾಗಿಲಿನ ಮುಂದೆ ಮಾತ್ರ ಸಾಲುಗಟ್ಟಿ ನಿಲ್ಲುವುದೂ ಜಾಣತನವಲ್ಲ. ಇಳಿಗಾಲದಲ್ಲಿಯೂ ಆಸ್ಪತ್ರೆಗಳು ರೋಗಿಗಳ ದಾಖಲೆ ಇಡಲೇಬೇಕು. ಸಹಕಾರಿ ಸಂಘಗಳು ಲೆಕ್ಕ ಬರೆಯಲೇಬೇಕು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳು ಯಂತ್ರಗಳನ್ನು ನಡೆಸಲೇಬೇಕು. ಇಂತಹ ಕಡೆ ಸಂಬಳ ಕಡಮೆಯಿರಬಹುದು. ಆದರೆ ಒಬ್ಬನೇ ಹತ್ತು ಬಗೆಯ ಕೆಲಸ ಮಾಡಬೇಕಾಗುವುದರಿಂದ ಕಲಿಕೆ ಹೆಚ್ಚು. 1961ರ ಶಿಶಿಕ್ಷು ಕಾಯಿದೆಯಂತೆ, ಕೆಲಸ ಕಲಿಯುತ್ತಲೇ ಭತ್ಯೆ ಪಡೆಯುವ ವ್ಯವಸ್ಥೆಯೂ ನಮ್ಮ ದೇಶದಲ್ಲಿದೆ.

ಮೊದಲ ಕೆಲಸವೇ ಕೊನೆಯ ಕೆಲಸವಲ್ಲ. ಕೆನಡ ದೇಶದ ಪದವೀಧರರನ್ನು ಕುರಿತ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಇಳಿಗಾಲದಲ್ಲಿ ಪದವಿ ಪಡೆದವರು ಇತರರಿಗಿಂತ ಆರಂಭದಲ್ಲಿ ಸುಮಾರು ಶೇಕಡಾ 9ರಷ್ಟು ಕಡಮೆ ಸಂಪಾದಿಸುತ್ತಾರೆ. ಐದು ವರ್ಷಗಳಲ್ಲಿ ಈ ಅಂತರ ಅರ್ಧಕ್ಕಿಳಿಯುತ್ತದೆ. ಹತ್ತು ವರ್ಷಗಳ ಹೊತ್ತಿಗೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ ಎಂದು ಅದು ಕಂಡುಕೊಂಡಿತು. ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಅನುಭವ ಗಳಿಸಿದವರು ಕ್ರಮೇಣ ಉತ್ತಮ ಸಂಸ್ಥೆಗಳಿಗೆ ಸಾಗುವುದೇ ಇದಕ್ಕೆ ಮುಖ್ಯ ಕಾರಣ. ನಷ್ಟವು ನಿಜ, ಆದರೆ ಶಾಶ್ವತವಲ್ಲ ಎಂಬುದು ಇದರ ಸಾರ. ಕೆಲಸ ಸಿಕ್ಕದ ಒಂದೆರಡು ವರ್ಷಗಳನ್ನು ಜೀವನದ ಸೋಲೆಂದು ಎಣಿಸಿ ಎದೆಗುಂದುವ ತರುಣರೂ, ನೆರೆಮನೆಯವರ ಮಕ್ಕಳೊಡನೆ ಹೋಲಿಸಿ ಅವರನ್ನು ನೋಯಿಸುವ ಹಿರಿಯರೂ ಇದನ್ನು ನೆನಪಿನಲ್ಲಿಡಬೇಕು.

ಕಷ್ಟಕಾಲ ಬಂದಾಗ ವಂಚಕರಿಗೆ ಸುಗ್ಗಿ. ಹಣ ಕೊಟ್ಟರೆ ಕೆಲಸ ಕೊಡಿಸುವೆವೆಂದು ಹೇಳುವವರು, ದುಬಾರಿ ಶುಲ್ಕ ಪಡೆದು ಉದ್ಯೋಗ ಖಚಿತವೆಂದು ಆಣೆಯಿಡುವವರು, ಇಲ್ಲದ ಅನುಭವಕ್ಕೆ ಸುಳ್ಳು ಪ್ರಮಾಣಪತ್ರ ಮಾರುವವರು ಎಲ್ಲೆಡೆ ಕಾಣಿಸಿಕೊಳ್ಳುತ್ತಾರೆ. ಯಾವ ಪ್ರಾಮಾಣಿಕ ಸಂಸ್ಥೆಯೂ ಕೆಲಸ ಕೊಡುವುದಕ್ಕೆ ಹಣ ಕೇಳುವುದಿಲ್ಲ. ಸುಳ್ಳು ಪತ್ರವಂತೂ ಎರಡಲಗಿನ ಕತ್ತಿ. ಸಂಸ್ಥೆಗಳು ಹಿನ್ನೆಲೆಯನ್ನು ವಿಚಾರಿಸಿ ನೋಡುತ್ತವೆ. ಸುಳ್ಳು ಬಯಲಾದ ದಿನ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಹೊಲ ಒತ್ತೆಯಿಟ್ಟು ಮಗನನ್ನೋ ಮಗಳನ್ನೋ ಓದಿಸಿದ ಮನೆಗೆ ಅಂತಹ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿಯಿರುವುದಿಲ್ಲ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಹೊಣೆಯೆಲ್ಲ ತರುಣರದೇ ಎಂದು ತಿಳಿಯಬಾರದು. ಹಳ್ಳಿಯ ಹುಡುಗಿಗೆ ಸ್ವಂತ ಗಣಕವಿಲ್ಲದಿರಬಹುದು. ಮನೆಯ ಕಷ್ಟಕ್ಕೆ ಹೆಗಲು ಕೊಡಬೇಕಾದ ಯುವಕನಿಗೆ ಸಂಬಳವಿಲ್ಲದೆ ಕಲಿಯುವ ಬಿಡುವಿಲ್ಲದಿರಬಹುದು. ಎಲ್ಲರೂ ಒಂದೇ ಗೆರೆಯಿಂದ ಓಟ ಆರಂಭಿಸುವುದಿಲ್ಲ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಗಣಕಗಳನ್ನು ಒದಗಿಸುವುದು, ಭತ್ಯೆಯುಳ್ಳ ತರಬೇತಿಯನ್ನು ಹೆಚ್ಚಿಸುವುದು, ಕಾಲೇಜಿನ ಪಾಠಕ್ಕೂ ಕಾರ್ಖಾನೆಯ ಅಗತ್ಯಕ್ಕೂ ಸೇತುವೆ ಕಟ್ಟುವುದು ಸರ್ಕಾರದ ಮತ್ತು ಸಮಾಜದ ಕರ್ತವ್ಯ. ಉದ್ದಿಮೆಗಳೂ ದೂರದೃಷ್ಟಿಯಿಂದ ನಡೆಯಬೇಕು. ಇಂದು ಹೊಸಬರನ್ನು ಸೇರಿಸಿ ಕಲಿಸದ ಉದ್ದಿಮೆಗೆ ಹತ್ತು ವರ್ಷಗಳ ಬಳಿಕ ಅನುಭವಿಗಳು ಎಲ್ಲಿಂದ ದೊರೆತಾರು?

ಇಂದು ಪ್ರೌಢಶಾಲೆಯಲ್ಲಿ ಓದುತ್ತಿರುವ ಮಕ್ಕಳು ಉದ್ಯೋಗಕ್ಕೆ ಸಿದ್ಧರಾಗುವ ಹೊತ್ತಿಗೆ ಏರುಗಾಲವಿರುವುದೋ ಇಳಿಗಾಲವಿರುವುದೋ ಯಾರೂ ಹೇಳಲಾರರು. ಕಾಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಗಣಿತವನ್ನು ಬಾಯಿಪಾಠ ಮಾಡದೆ ಅರ್ಥಮಾಡಿಕೊಳ್ಳುವುದು, ತಾನು ತಿಳಿದುದನ್ನು ನಾಲ್ಕು ಸಾಲುಗಳಲ್ಲಿ ಸ್ಪಷ್ಟವಾಗಿ ಬರೆಯಲು ಕಲಿಯುವುದು, ಕೈಗೆತ್ತಿಕೊಂಡ ಸಣ್ಣ ಕೆಲಸವನ್ನು ಅರ್ಧಕ್ಕೆ ಬಿಡದೆ ಮುಗಿಸುವುದು, ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಕೇಳುವುದು, ಇವನ್ನು ಮಾತ್ರ ಯಾರು ಬೇಕಾದರೂ ಇಂದಿನಿಂದಲೇ ಆರಿಸಿಕೊಳ್ಳಬಹುದು. ಇವು ಯಾವ ಮಾರುಕಟ್ಟೆಯ ಏರಿಳಿತಕ್ಕೂ ಬೆಲೆ ಕಳೆದುಕೊಳ್ಳದ ಬಂಡವಾಳ. ಬಾಗಿಲು ಎಂದು ತೆರೆಯುವುದೆಂಬುದು ಕಾಲದ ಕೈಯಲ್ಲಿದೆ. ತೆರೆದಾಗ ಒಳಗೆ ಕಾಲಿಡುವ ಯೋಗ್ಯತೆಯು ಕಲಿಯುವವನ ಕೈಯಲ್ಲಿದೆ.